ತಾಟಿನಿಂದ ತಿರುಗಿ ತೆಗೆದುಕೊಂಡ ರೊಟ್ಟಿ

ಚೈತ್ರಾ, ಮಲ್ಲು,

ಹೋದ ವಾರ ನಿಮ್ಮಿಬ್ಬರನ್ನೂ ಹುಬ್ಬಳ್ಳಿಗೆ, ನಾನು ಕೆಲಸ ಮಾಡುವ ಊಟದ ಹಾಲ್‌ಗೆ ಕರೆದುಕೊಂಡು ಹೋಗಿದ್ದೆ. ಮಲ್ಲು ನೂಡಲ್ಸ್ ತಿಂದ, ಚೈತ್ರಾ ಅಪ್ಪಂ ತಿಂದಳು. ಅಜ್ಜಿಯ ರೊಟ್ಟಿ ಇಬ್ಬರಿಗೂ ಬೇಡವಾಯಿತು. ಮನೆಯಲ್ಲಿ ದಿನವೂ ಸಿಗುವುದನ್ನು ಅಲ್ಲಿ ಯಾಕೆ ತಿನ್ನುತ್ತೀರಿ, ಸರಿಯೇ. ಕೈ ತೊಳೆಯಲು ಹೋದಾಗ ಗೋಡೆಯ ಮೇಲಿನ ದೊಡ್ಡ ಫೋಟೋ ಕಂಡು ಚೈತ್ರಾ ನಿಂತುಬಿಟ್ಟಳು. "ಅಜ್ಜಿ, ಇದು ನೀನ ಏನು? ಕೈತುಂಬ ಹಸರ ಬಳಿ ಅದಾವಲ್ಲ? ಹಣಿಮ್ಯಾಲೆ ಕುಂಕುಮ?" ಎಂದು ಕೇಳಿದಳು. ನಾನು "ನಡೀರಿ, ರೈಲು ಹೊಂಡತೈತಿ" ಎಂದೆ. ರೈಲಿಗೆ ಇನ್ನೂ ಬಹಳ ಹೊತ್ತಿತ್ತು.

ಬಾಯಿಂದ ಹೇಳುವುದು ನನಗೆ ಆಗುವುದಿಲ್ಲ. ನಾಲ್ಕು ಮಂದಿ ಕೂತಲ್ಲಿ ನನ್ನ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ, ನಿಮ್ಮ ಅಪ್ಪನೂ ಅದಕ್ಕೇ ನಗುತ್ತಾನೆ. ಊರ ಸಾಲಿಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ. ಅದರಿಂದ ಬರೆಯುತ್ತೇನೆ.

ನಿಮ್ಮ ಅಜ್ಜ ಹೋದ ದಿನ ನನ್ನ ಬಳೆ ಒಡೆದರು. ಅದಾದ ಮೇಲೆ ನಾನು ಬಳೆ ತೊಟ್ಟಿದ್ದು ಒಂದೇ ದಿನ. ಆ ದಿನದ ಮಾತು ಇದು.

ಬಾಜು ಮನೆಯ ಖಾಲಾ ಮತ್ತು ನಾನು ಆಗ ಜೋಳದ ಗರಿಗರಿ ಕಟಿ ರೊಟ್ಟಿ ಮಾಡಿ ಅಣ್ಣಿಗೇರಿಯ ಅಂಗಡಿಗಳಿಗೆ ಕೊಡುತ್ತಿದ್ದೆವು. ನಾನು ಬಡಿಯುವುದು, ಆಕೆ ಬೇಯಿಸುವುದು. ಆಮೇಲೆ ರೊಟ್ಟಿಯ ಯಂತ್ರ ಬಂತು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ, ಪ್ಲಾಸ್ಟಿಕ್ ಚೀಲದಲ್ಲಿ. ಒಬ್ಬೊಬ್ಬರಾಗಿ ಅಂಗಡಿಯವರು ನಮ್ಮ ಬುಟ್ಟಿ ಬೇಡವೆಂದರು. ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯ ಒಬ್ಬ ಮಾಲಕರು ಒಂದು ಮದುವೆಯಲ್ಲಿ ನಮ್ಮ ಬಿಸಿ ರೊಟ್ಟಿ ತಿಂದು, ಅಡುಗೆ ಮನೆಯ ಬಾಗಿಲಿಗೇ ಬಂದು ಕೇಳಿದರು. ಅವರು ಒಂದು ದೊಡ್ಡ ಊಟದ ಹಾಲ್ ತೆರೆಯುವವರಿದ್ದರು. ಒಂದೇ ಸೂರಿನ ಕೆಳಗೆ ಪಂಜಾಬಿ, ಚೀನಿ, ಕೇರಳ, ಬಿರಿಯಾನಿ, ಪಿಜ್ಜಾ, ಎಲ್ಲವುಗಳ ಒಂದೊಂದು ಅಂಗಡಿ. ಸಾಲಿನ ಕೊನೆಗೆ 'ಹಳ್ಳಿ ಊಟ'. ಅಲ್ಲಿ ಯಂತ್ರದ ರೊಟ್ಟಿ ನಡೆಯುವುದಿಲ್ಲ, ಕೈಯಿಂದ ಬಡಿಯುವುದು ಮಂದಿಗೆ ಕಾಣಬೇಕು ಎಂದರು.

"ತೆರೆಯೋ ದಿನ ರವಿವಾರ. ಅವತ್ತ ನೋಡೂಣು," ಎಂದರು. "ನಡದರ ನಿಮಗ ಕಾಯಂ. ನಡೀಲಿಲ್ಲಂದ್ರ ಬ್ಯಾಸರಾ ಮಾಡ್ಕೋಬ್ಯಾಡ್ರಿ, ಆ ಜಾಗಾಕ್ಕ ಮೋಮೋದಾಂವ ಕಾಯಾಕತ್ತಾನ."

ಕೈರೊಟ್ಟಿ ಬೇಕು ಎಂದು ಕೇಳಿದ ಜಾಗ ನಮಗೆ ಅದೊಂದೇ ಉಳಿದಿತ್ತು. ಖಾಲಾ ನನ್ನ ಪರವಾಗಿಯೂ ಹೂಂ ಎಂದಳು.

ತೆರೆಯುವುದಕ್ಕೆ ಮೊದಲಿನ ವಾರ ದಿನವೂ ಅಣ್ಣಿಗೇರಿಯಿಂದ ರೈಲು ಹತ್ತಿ ಹೋಗಿ ಅಲ್ಲಿ ರೊಟ್ಟಿ ಮಾಡಿ ನೋಡಿದೆವು. ಮೊದಲ ದಿನ ಒಂದೂ ಸರಿಯಾಗಲಿಲ್ಲ. ಅಲ್ಲಿ ಎಲ್ಲ ನಿಂತು ಮಾಡುವುದು. ಉಕ್ಕಿನ ಕಟ್ಟೆ ನನ್ನ ಎದೆಯ ತನಕ ಬರುತ್ತಿತ್ತು. ರೊಟ್ಟಿ ಬಡಿಯಲು ಭುಜದಿಂದ ಬಲ ಇಳಿಯಬೇಕು, ಮೊಣಕೈ ಮಾತ್ರ ಆಡಿದರೆ ಅಂಚು ಸೀಳುತ್ತದೆ. ಕಟ್ಟೆಯೋ ನುಣುಪು, ಹಿಟ್ಟಿನ ಉಂಡೆ ಕೈಗೆ ಸಿಗದೆ ಜಾರಿ ಹೋಗುತ್ತಿತ್ತು. ಮರುದಿನ ಮನೆಯಿಂದ ನನ್ನ ಹಲಗೆಯನ್ನು ಸೀರೆಯಲ್ಲಿ ಸುತ್ತಿ ರೈಲಿನಲ್ಲಿ ಒಯ್ದೆ. ನಿಲ್ಲುವುದಕ್ಕೆ ಕಾಲ ಕೆಳಗೆ ಮಣೆ ಹಾಕಿಕೊಂಡೆ. ಹಲಗೆ ಬಂದ ಮೇಲೆ ಅಂಚು ನಿಂತಿತು.

ಆಮೇಲೆ ತಲೆಯ ಮೇಲೆ ಹೊಗೆ ಎಳೆಯುವ ಗಾಳಿ ಯಂತ್ರದ ಕಾಟ. ತವಿಯ ಮೇಲೆ ರೊಟ್ಟಿ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಬೇಕು, ಆ ನೀರು ಆರುವುದರೊಳಗೆ ಮಗುಚಬೇಕು. ಯಂತ್ರ ಆ ನೀರನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೀರುತ್ತಿತ್ತು, ರೊಟ್ಟಿ ಉಬ್ಬುತ್ತಿರಲಿಲ್ಲ. ಖಾಲಾ ಅರಿವೆಯನ್ನು ಎರಡು ಮಡಿಕೆ ಮಾಡಿ ಹೆಚ್ಚು ನೀರು ಹಿಡಿಯುವ ಹಾಗೆ ಮಾಡಿಕೊಂಡಳು. ಹೀಗೆ ಶನಿವಾರದ ಹೊತ್ತಿಗೆ ನಮ್ಮ ರೊಟ್ಟಿ ನಮ್ಮ ರೊಟ್ಟಿಯ ಹಾಗೆ ಬರತೊಡಗಿತು.

ಆದರೂ ನನ್ನ ಜೀವ ಹಗುರಾಗಲಿಲ್ಲ. ನಮ್ಮ ಅಂಗಡಿಯ ಮುಂದೆ ಆಳೆತ್ತರದ ಗಾಜು. ಈಚೆ ನಾನು, ಆಚೆ ಕುರ್ಚಿಗಳು. ಖಾಲಿ ಕುರ್ಚಿಗಳಿಗೂ ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

ಶನಿವಾರ ಸಂಜೆ ಸುಪರ್ವೈಜರ್ ಎಲ್ಲರಿಗೂ ಒಂದೊಂದು ಚೀಲ ಹಂಚಿದ. ಬೆಂಗಳೂರು ಕಡೆಯ ಹುಡುಗ, ಕೆಟ್ಟವನಲ್ಲ, ಅವಸರದವನು. ಚೀಲದಲ್ಲಿ ಆಯಾ ಅಂಗಡಿಯ ವೇಷ. ಪಂಜಾಬಿ ಅಂಗಡಿಯಲ್ಲಿ ತಂದೂರಿ ಮಾಡುವಾತ ಮಿಶ್ರಿಕೋಟಿಯವ. ಅವನಿಗೆ ಕೆಂಪು ರುಮಾಲು ಬಂತು. ಸುತ್ತಿಕೊಂಡು ನಮ್ಮ ಮುಂದೆ ಬಂದು ನಿಂತ.

"ಹೆಂಗ ಕಾಣ್ತೀನಿ ಯಕ್ಕಾ?"

"ಮದುವಿ ಬಿಟ್ಟು ಓಡಿ ಬಂದ ಮದುಮಗನಂಗ," ಎಂದಳು ಖಾಲಾ.

ನನ್ನ ಚೀಲದಲ್ಲಿ ಇಳಕಲ್ ಸೀರೆ, ಖಣದ ಕುಪ್ಪಸ ಇದ್ದವು. ಅದರ ಕೆಳಗೆ ಕುಂಕುಮದ ಡಬ್ಬಿ, ಮತ್ತೆ ಕಾಗದದಲ್ಲಿ ಸುತ್ತಿದ ಹಸಿರು ಗಾಜಿನ ಬಳೆ. ಖಾಲಾ ಮುಸಲ್ಮಾನಳು, ಆಕೆಯ ಚೀಲದಲ್ಲೂ ಅವೇ. ನಾನು ಬಳೆಯ ಕಾಗದವನ್ನು ಬಿಚ್ಚದೆ ಕಟ್ಟೆಯ ಮೇಲೆ ಇಟ್ಟೆ.

"ಅಮ್ಮಾ, ಬಳೆ ಮುಖ್ಯ," ಎಂದ ಸುಪರ್ವೈಜರ್. "ರೊಟ್ಟಿ ತಟ್ಟುವಾಗ ಬಳೆ ಸದ್ದು ಬರಬೇಕು ಅಂತ ಸಾರ್ ಹೇಳಿದ್ದಾರೆ. ಬೆಳಿಗ್ಗೆ ಫೋಟೋ ಇದೆ."

"ನಾ ಹಾಕ್ಕೊಳ್ಳಾಂಗಿಲ್ಲಪಾ," ಎಂದೆ. ನನಗೇ ಕೇಳಿಸಿತೋ ಇಲ್ಲವೋ.

ಖಾಲಾ ಜೋರಾಗಿ ಹೇಳಿದಳು. "ಆಕಿ ಗಂಡ ಇಲ್ಲಪಾ. ಹಂಗೆಲ್ಲಾ ಹಾಕ್ಕೊಳ್ಳೂದಿಲ್ಲ. ನಾ ಬೇಕಾದ್ರ ಎರಡೂ ಕಟ್ಟು ಹಾಕ್ಕೋತೀನಿ."

ಅವನಿಗೆ ನಾಚಿಕೆಯಾಯಿತು, ಮುಖ ಕೆಳಗೆ ಹಾಕಿದ. ಆದರೆ ಗಾಜಿನ ಹತ್ತಿರ ನಿಲ್ಲುವವಳು ನಾನು, ಖಾಲಾ ಹಿಂದೆ ತವಿಯ ಮುಂದೆ. "ಒಂದೇ ದಿನ ಅಮ್ಮಾ. ಬರೀ ವೇಷ. ಇವರೇನು ನಿಜವಾದ ಸರ್ದಾರ್ಜೀನಾ?" ಎಂದು ಮಿಶ್ರಿಕೋಟಿಯವನನ್ನು ತೋರಿಸಿದ. ಅವನೂ ಮೆಲ್ಲಗೆ, "ವೇಷ ಅನ್ರಿ ಯಕ್ಕಾ. ನಾಳಿ ದಾಟಿದ್ರ ಸಾಕು," ಎಂದ.

ಊರಿಗೆ ಬರುವ ರೈಲಿನಲ್ಲಿ ಖಾಲಾ ಒಂದೇ ಮಾತು ಹೇಳಿದಳು. "ನಿನಗ ಬ್ಯಾಡಂದ್ರ ಇಬ್ಬರೂ ಬಿಡೂಣು. ನಾ ಬೈಯೂದಿಲ್ಲ." ಆಕೆ ಬೈದಿದ್ದರೆ ಬಿಡುವುದು ಸುಲಭವಿತ್ತು. ಮರುದಿನ ಬೆಳಿಗ್ಗೆ ಹಾಲ್‌ನ ಬಚ್ಚಲಲ್ಲಿ ನಿಂತು ನಾನೇ ಬಳೆ ಏರಿಸಿಕೊಂಡೆ. ಕೈ ಹಳೆಯದನ್ನು ಮರೆತಿರಲಿಲ್ಲ, ಬೆರಳು ಕೂಡಿಸಿ ಹಿಡಿದದ್ದೇ ಸಲೀಸಾಗಿ ಏರಿದವು. ಕುಂಕುಮ ಖಾಲಾ ಹಚ್ಚಿದಳು, ನಾನು ಆಕೆಗೆ ಹಚ್ಚಿದೆ. ಕನ್ನಡಿ ನೋಡಲಿಲ್ಲ. ಫೋಟೋದವನು ಬಂದು, ನಗಿರಿ ಅಂದ. ನಗಲಿಲ್ಲ. ಅದಕ್ಕೇ ಫೋಟೋ ಚೆನ್ನಾಗಿ ಬಂದಿದೆ ಎನ್ನುತ್ತಾರೆ.

ಮಧ್ಯಾಹ್ನಕ್ಕೆ ಹಾಲ್ ತುಂಬಿತು. ಪಿಜ್ಜಾದ ಮುಂದೆ ಹುಡುಗರು, ಬಿರಿಯಾನಿಯ ಮುಂದೆ ಸಾಲು. ನಮ್ಮಲ್ಲಿಗೆ ಮಂದಿ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬಂದರು. ಹಳ್ಳಿ ಬಿಟ್ಟು ಊರು ಸೇರಿದವರು, ಮಕ್ಕಳಿಗೆ ತೋರಿಸಲು ಬಂದವರು. ಎಣಗಾಯಿ, ಮಡಕಿಕಾಳು, ಶೇಂಗಾ ಹಿಂಡಿ, ಮೊಸರು ತಾಟಿಗೆ ಹಾಕಿ ಬಡಿಸುವ ಹುಡುಗಿಯರು ಒಯ್ಯುತ್ತಿದ್ದರು, ರೊಟ್ಟಿಗೆ ಕೂಗುತ್ತಿದ್ದರು. ಗಾಜಿಗೆ ಫೋನು ಹಚ್ಚಿ ಹಿಡಿದವರ ಕಡೆ ನೋಡಬಾರದೆಂದು ನಾನು ಹಲಗೆಯ ಮೇಲೇ ಕಣ್ಣು ನೆಟ್ಟೆ. ಎಸರು ಹೊಯ್ಯುವುದು, ನಾದುವುದು, ಉಂಡೆ, ಬಡಿತ, ಎರಡೂ ಅಂಗೈ ಮೇಲೆ ಎತ್ತಿ ಖಾಲಾನ ತವಿಗೆ. ಬಳೆ ಬಡಿತದ ಜೊತೆ ಸದ್ದು ಮಾಡುತ್ತಿದ್ದವು. ಆ ಸದ್ದು ಕೇಳಬಾರದೆಂದು ಇನ್ನೂ ಜೋರಾಗಿ ಬಡಿದೆ.

ಉಂಡೆ ನಾದುವಾಗ ಮಣಿಕಟ್ಟಿನಲ್ಲಿ ಚುರ್ ಎಂದಿತು. ನೋಡಿದರೆ ಒಂದು ಕೆಂಪು ಗೆರೆ. ಒಂದು ಬಳೆ ಒಡೆದು ಎರಡಾಗಿ, ಒಂದು ತುಂಡು ಹಲಗೆಯ ಅಂಚಿನಲ್ಲಿ, ಇನ್ನೊಂದು ಹಿಟ್ಟಿನ ಪರಾತದ ಬಾಜು ಬಿದ್ದಿತ್ತು. ಯಾವಾಗ ಒಡೆಯಿತೋ ಗೊತ್ತಿಲ್ಲ. ರಕ್ತ ಆಗಲೇ ಒಣಗಿತ್ತು. ಎರಡೂ ತುಂಡು ಹಲಗೆಯ ಮೇಲಿಟ್ಟು ಕೂಡಿಸಿದೆ. ಒಂದು ಕಡೆ ಕೂಡಿತು. ಇನ್ನೊಂದು ಕಡೆ ಜೋಳದ ಕಾಳಿನಷ್ಟು ಜಾಗ ಖಾಲಿ ಉಳಿಯಿತು.

ಹಲಗೆ ನೋಡಿದೆ. ಹಿಟ್ಟಿನಲ್ಲಿ ಬೆರಳು ಆಡಿಸಿದೆ. ಕಾಲ ಕೆಳಗೆ ನೋಡಿದೆ. ಸಿಗಲಿಲ್ಲ.

ಖಾಲಾ ತಿರುಗಿದಳು. ನನ್ನ ಕೈ, ಹಲಗೆಯ ಮೇಲಿನ ಬಳೆ, ನನ್ನ ಮುಖ ನೋಡಿದಳು. ಹೇಳಬೇಕಾಗಲಿಲ್ಲ. ಆಕೆ ಗಾಜಿನ ಆಚೆ ನೋಡಿದಳು. ನಮ್ಮ ರೊಟ್ಟಿ ಅಷ್ಟೂ ತಾಟಿನಲ್ಲಿ ಇದ್ದವು, ಮುರಿಯುವ ಕೈಗಳು, ಬಾಯಿಗೆ ಹೋಗುವ ತುತ್ತು.

"ಈಗ ಕೂಗಿದ್ವಿ ಅಂದ್ರ ಮೋಮೋದಾಂವ ನಾಳೇನ ಬರ್ತಾನ," ಎಂದಳು. ಅದು ಬೇಡವೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು. ಆಮೇಲೆ ತವಿಯ ಬೆಂಕಿ ಆರಿಸಿದಳು.

ನಾನು ಗಾಜಿನ ಬಾಗಿಲು ತೆಗೆದು ಹೊರಗೆ ಬಂದೆ. "ತಿನಬ್ಯಾಡ್ರಿ," ಎಂದೆ. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಎಂದೆ. ನನ್ನ ತುಟಿ ಮಾತ್ರ ಆಡುತ್ತಿತ್ತು. ಎಲ್ಲರಿಗಿಂತ ಹತ್ತಿರ ಬಿಳಿ ಧೋತರದ ಒಬ್ಬ ಹಿರಿಯರು ಕೂತಿದ್ದರು, ಬಾಜು ಅವರ ಮಗಳು, ಮಗಳ ತೊಡೆಯ ಮೇಲೆ ಕೂಸು. ಹಿರಿಯರು ಕೂಸಿಗೆಂದು ರೊಟ್ಟಿಯ ಮೆತ್ತನೆಯ ನಡು ಭಾಗ ಮುರಿದು ಮೊಸರಿನಲ್ಲಿ ಅದ್ದುತ್ತಿದ್ದರು.

ಮಕ್ಕಳೇ, ನಮ್ಮಲ್ಲಿ ಉಣ್ಣುವವರ ತಾಟಿಗೆ ಹಾಕುವುದು ಮಾತ್ರ ಗೊತ್ತು. ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ಹಾಕುತ್ತೇವೆ. ವೈರಿಯ ತಾಟಿನಿಂದಲೂ ತಿರುಗಿ ತೆಗೆಯುವುದಿಲ್ಲ. ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ನಾನು ಕೈ ಚಾಚಿ ಅವರ ಬೆರಳಲ್ಲಿದ್ದ ತುತ್ತನ್ನೇ ಹಿಡಿದುಕೊಂಡೆ. ತಾಟಿನ ರೊಟ್ಟಿಯನ್ನೂ ಎತ್ತಿದೆ.

ಅವರು ಎದ್ದು ನಿಂತರು. "ಏನಬೇ ಇದು? ಉಣ್ಣಾಕ ಕುಂತಾಂವನ ತಾಟಿಗೆ ಕೈ ಹಾಕ್ತಿ? ರೊಕ್ಕಾ ಕೊಟ್ಟಿಲ್ಲಂತ ತಿಳಿದಿಯೇನು?"

ಸುತ್ತಲಿನವರು ತಿರುಗಿ ನೋಡಿದರು. ಆಗ ಬಂತು ಮಾತು. ಎಲ್ಲಿತ್ತೋ ಗೊತ್ತಿಲ್ಲ.

"ಬಳಿ ಒಡದೈತ್ರಿ! ನನ್ನ ಕೈಯಾಂದು! ಚೂರು ಸಿಗವಲ್ದು, ರೊಟ್ಟ್ಯಾಗ ಇರಬಹುದು. ಯಾರೂ ತಿನಬ್ಯಾಡ್ರಿ!"

ನನ್ನ ಕೂಗು ಹಾಲ್‌ನ ಅರ್ಧಕ್ಕೂ ಮುಟ್ಟಲಿಲ್ಲ. ಮಿಶ್ರಿಕೋಟಿಯವ ತಂದೂರಿಯ ಸಲಾಕೆಯಿಂದ ಉಕ್ಕಿನ ಕಟ್ಟೆಯನ್ನು ಬಡಿದ. "ಹಳ್ಳಿ ಊಟದ ರೊಟ್ಟಿ ಯಾರೂ ಬಾಯಿಗೆ ಇಡಬ್ಯಾಡ್ರೀ! ಇಟ್ಟೀರಿ ಅಂದ್ರ ಉಗುಳ್ರೀ!" ಎಂದು ಕೂಗಿದ. ಕೆಂಪು ರುಮಾಲಿನ ಸರ್ದಾರ ನಮ್ಮ ಮಾತಿನಲ್ಲಿ ಹೀಗೆ ಕೂಗಿದ್ದಕ್ಕೆ ಒಬ್ಬಿಬ್ಬರು ನಕ್ಕರು, ಆದರೆ ಕೈ ನಿಂತವು. ಎಲ್ಲ ಕೈ ನಿಂತವು.

ನಾನು ಮೇಜಿನಿಂದ ಮೇಜಿಗೆ ಹೋಗಿ ತುಂಡು ಸಮೇತ ರೊಟ್ಟಿ ಎತ್ತಿ ಸೆರಗಿಗೆ ಹಾಕಿಕೊಂಡೆ. ನುಂಗಿದವರನ್ನು, ಗಂಟಲಲ್ಲಿ ಏನಾದರೂ ಚುಚ್ಚುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಒಬ್ಬ ಹೆಣ್ಣುಮಗಳು, "ಅಡಗಿ ಮಾಡಾಕಿ ಗಾಜಿನ ಬಳಿ ಹಾಕ್ಕೊಂಡು ಸಿಂಗಾರ ಮಾಡ್ಕೊಂಡ್ರ ಹಿಂಗ ಆಗೂದು" ಎಂದಳು. ತಲೆ ತಗ್ಗಿಸಿದೆ. ಆಕೆ ಹೇಳಿದ್ದು ಸುಳ್ಳೇನೂ ಅಲ್ಲ. ಇಬ್ಬರು ಮೂವರು ಎದ್ದು ಹೋದರು.

ಸುಪರ್ವೈಜರ್ ಓಡಿ ಬಂದ. "ಅಮ್ಮಾ, ನನಗೆ ಮೊದಲು ಹೇಳಬಾರದಿತ್ತಾ? ಮೆಲ್ಲಗೆ ಬದಲಾಯಿಸ್ತಿದ್ದೆ."

"ನೀ ಮೆಲ್ಲಕ ಬರೂದ್ರಾಗ ಕೂಸು ನುಂಗತಿತ್ತು," ಎಂದಳು ಖಾಲಾ.

ಮುಂದೆ ಏನು? ಅಂಗಡಿ ಮುಚ್ಚಿ ಬಿಡಿ ಎಂದ ಅವನು. ಅಷ್ಟು ಹೊತ್ತಿಗೆ ಮಾಲಕರು ಬಾಗಿಲ ಹತ್ತಿರ ನಿಂತದ್ದು ಕಂಡಿತು. ಕೈ ಕಟ್ಟಿಕೊಂಡು ನಿಂತಿದ್ದರು, ಒಳಗೆ ಬರಲಿಲ್ಲ. ಖಾಲಿ ತಾಟು ಮುಂದಿಟ್ಟುಕೊಂಡು ಮಂದಿ ಕೂತಿದ್ದರು. ಉಣ್ಣಲು ಕೂತವರನ್ನು ಹಾಗೆ ಎಬ್ಬಿಸಿ ಕಳಿಸಿ ರೈಲು ಹತ್ತುವುದು ನನ್ನಿಂದ ಆಗದು ಎನಿಸಿತು. ಅಂಗಡಿ ಹೋದರೆ ಹೋಗಲಿ. "ಎದ್ದು ಹೋಗಬ್ಯಾಡ್ರಿ, ಮಾಡ್ತೀನಿ," ಎಂದೆ.

ಬಚ್ಚಲಿಗೆ ಹೋಗಿ ಉಳಿದ ಬಳೆ ತೆಗೆದೆ. ನಿಮ್ಮ ಅಜ್ಜ ಹೋದಾಗ ಬೇರೆಯವರು ನನ್ನ ಕೈ ಹಿಡಿದು ಕಲ್ಲಿಗೆ ಬಡಿದು ಒಡೆದಿದ್ದರು. ಈ ಸಲ ನಾನೇ, ಸೋಪು ಹಚ್ಚಿ, ಒಂದೊಂದಾಗಿ ಜಾರಿಸಿ, ಇಡಿಯಾಗಿ ತೆಗೆದು ಕಾಗದದಲ್ಲಿ ಸುತ್ತಿ ಇಟ್ಟೆ. ಮುಖ ತೊಳೆದಾಗ ಕುಂಕುಮವೂ ಹೋಯಿತು. ಖಾಲಾ ಬಳೆ ಬಿಚ್ಚಿದಳು, ಕುಂಕುಮ ಹಾಗೇ ಬಿಟ್ಟಳು. "ಇದು ಇರಲಿ. ಮನಿಯಾಂವಗ ತೋರಸ್ತೀನಿ, ಅಂವ ಎದಿ ಒಡಕೊಳ್ಳಲಿ," ಎಂದಳು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಗಾಜಿನ ಒಳಗಿನ ಕಟ್ಟೆ, ಪರಾತ, ಹಿಟ್ಟು ಯಾವುದನ್ನೂ ನಂಬುವ ಹಾಗಿರಲಿಲ್ಲ. ಬಾಯಿ ಕಟ್ಟಿದ್ದ ಹೊಸ ಹಿಟ್ಟಿನ ಚೀಲ ತರಿಸಿದೆ. ಚೀನಿ ಅಂಗಡಿಯಾತ ತನ್ನ ದೊಡ್ಡ ಪರಾತ ತೊಳೆದು ಕೊಟ್ಟ, ಕೇರಳದವ ಕುದಿಯುವ ನೀರು ಕೊಟ್ಟ. ಹಲಗೆಯನ್ನು ಎರಡೂ ಬದಿ ಉಜ್ಜಿ, ಬೆಳಕಿಗೆ ಹಿಡಿದು, ಸಂದು ಸಂದಿನಲ್ಲಿ ಉಗುರು ಆಡಿಸಿ ನೋಡಿದೆ. ಪಂಜಾಬಿ ಅಂಗಡಿಯ ಮುಂದೆ ನೆಲ ಖಾಲಿ ಇತ್ತು, ಮಿಶ್ರಿಕೋಟಿಯವ ತನ್ನ ಒಂದು ಒಲೆ ಖಾಲಾನಿಗೆ ಬಿಟ್ಟುಕೊಟ್ಟ. ಆ ನೆಲದ ಮೇಲೆ ಸ್ವಚ್ಛ ಅರಿವೆ ಹಾಸಿ, ಹಲಗೆ ಇಟ್ಟು, ಮನೆಯಲ್ಲಿ ಕೂರುವ ಹಾಗೆ ಒಂದು ಕಾಲು ಮಡಿಸಿ ಕೂತೆ. ಅಡ್ಡ ಗಾಜು ಇರಲಿಲ್ಲ. ಹಾಲ್‌ನ ಮಂದಿ ಅಷ್ಟೂ ಎದುರಿಗೆ.

ಮೊದಲ ಉಂಡೆ ಬಡಿಯುವಾಗ ಕಣ್ಣು ಮಂದಿಯ ಕಡೆ ಹೋಯಿತು. ಅಂಚು ಸೀಳಿತು. ಮುದ್ದೆ ಮಾಡಿ ಮತ್ತೆ ನಾದಿದೆ. ಎರಡನೆಯದು ದುಂಡಗೆ ಬಂತು. ಕುಂತು ಬಡಿದರೆ ಭುಜದಿಂದ ಬಲ ತಾನೇ ಇಳಿಯುತ್ತದೆ. ಬಳೆಯ ಸದ್ದಿಲ್ಲ, ಹಲಗೆಯ ಸದ್ದು ಮಾತ್ರ. ಖಾಲಾನ ತವಿಯ ಮೇಲೆ ಅದು ಉಬ್ಬಿ ನಿಂತಾಗ ಅಂಚಿನಿಂದ ಹಬೆ ಬಂತು. ಒಯ್ಯಲು ಹುಡುಗಿ ಬಂದಳು. ಧೋತರದ ಹಿರಿಯರು ಕೂತಲ್ಲಿಂದಲೇ ತಡೆದರು.

"ಆಕಿ ಕೈಲೆ ಬ್ಯಾಡ. ನನ್ನ ತಾಟಿನ್ಯಾಗಿಂದ ಯಾರು ತಗೊಂಡ್ರು, ಅವರ ತಂದು ಹಾಕಬೇಕು."

ಎದ್ದು ಹೋದೆ. ಅವರ ತಾಟಿಗೆ ಹಾಕಿದೆ. ಅವರು ಮುರಿದು, ತಿರುಗಿಸಿ ನೋಡಿ, ಮೊದಲ ತುತ್ತು ತಾವೇ ತಿಂದರು. ಅಗಿದರು. ಸ್ವಲ್ಪ ತಡೆದು ಎರಡನೆಯದನ್ನು ಮೊಸರಿನಲ್ಲಿ ಅದ್ದಿ ಕೂಸಿನ ಬಾಯಿಗೆ ಇಟ್ಟರು. "ಇನ್ನೊಂದು ತಾ," ಎಂದರು. "ಈ ಸಲ ಕಸಗೊಳ್ಳಬ್ಯಾಡ ಮತ್ತ."

ಎಲ್ಲರಿಗೂ ಸಾಕಾಗುವ ತನಕ ಮಾಡಿದೆವು. ಮಂದಿ ಕಡಿಮೆಯಾದ ಮೇಲೆ ತಿರುಗಿ ತಂದ ರೊಟ್ಟಿಗಳನ್ನು ನಾನು ಒಂದೊಂದಾಗಿ ಪುಡಿ ಮಾಡಿ ನೋಡುತ್ತಿದ್ದೆ. ಯಾವುದರಲ್ಲೂ ಇರಲಿಲ್ಲ. ಖಾಲಾ ಮಧ್ಯಾಹ್ನ ನೀರು ಸವರಿದ ಹಳೆಯ ಅರಿವೆಯನ್ನು ಬಿಚ್ಚಿದಳು. ಆಕೆ ಹಾಕಿದ ಆ ಎರಡು ಮಡಿಕೆಯ ನಡುವೆ, ನೂಲಿಗೆ ಸಿಕ್ಕು, ಹಸಿರು ಚೂರು ಕೂತಿತ್ತು. ನನ್ನ ಕೈಯಿಂದ ರೊಟ್ಟಿಯ ಮೇಲೆ, ರೊಟ್ಟಿಯಿಂದ ಅರಿವೆಗೆ. ಇನ್ನೊಮ್ಮೆ ಸವರಿದ್ದರೆ ಎಲ್ಲಿಗೆ ಹೋಗುತ್ತಿತ್ತೋ ಯಾರು ಬಲ್ಲರು.

ಸುಪರ್ವೈಜರ್ ಹಣೆ ಒರೆಸಿಕೊಂಡ. "ಅಂದ್ರೆ ರೊಟ್ಟಿಯಲ್ಲಿ ಇರಲೇ ಇಲ್ಲ. ಅಷ್ಟೆಲ್ಲ ಕೂಗಿದ್ದು ಸುಮ್ಮನೆ ಆಯ್ತಲ್ಲ."

ಮಾಲಕರು ಅಷ್ಟರಲ್ಲಿ ಒಳಗೆ ಬಂದಿದ್ದರು. ಆ ಚೂರನ್ನು ಅಂಗೈಗೆ ಹಾಕಿಸಿಕೊಂಡು ನೋಡಿದರು. ನಾನು ಹಲಗೆಯನ್ನು ಸೀರೆಯಲ್ಲಿ ಸುತ್ತುತ್ತಿದ್ದೆ, ಊರಿಗೆ ಒಯ್ಯಲೆಂದು.

"ಅದನ್ನ ಯಾಕ ಕಟ್ಟಾಕತ್ತೀರಿ? ಇಲ್ಲೇ ಇರಲಿ," ಎಂದರು ನನಗೆ. ಆಮೇಲೆ ಸುಪರ್ವೈಜರನ ಕಡೆ ತಿರುಗಿದರು. "ಮೋಮೋದವಗ ಬ್ಯಾರೆ ಕಡೆ ನೋಡ್ಕೋ ಅನ್ನು. ಮತ್ತ, ಇವರ ಅಂಗಡಿಗೆ ಬಳಿ ಚೀಲ ಕೊಡಬ್ಯಾಡ."

ಸುತ್ತಿದ್ದನ್ನು ಬಿಚ್ಚಿ ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟೆ. ರೈಲಿನಲ್ಲಿ ಖಾಲಾ ಕುಂಕುಮದ ಹಣೆ ಕಿಟಕಿಗೆ ಆನಿಸಿ ನಿದ್ದೆ ಹೋದಳು. ನಾನು ಅಣ್ಣಿಗೇರಿ ಬರುವ ತನಕ ಮಣಿಕಟ್ಟಿನ ಗೆರೆ ಸವರುತ್ತಾ ಕೂತೆ.

ಈಗ ನಮ್ಮ ಅಂಗಡಿಯಲ್ಲಿ ಗಾಜಿಲ್ಲ, ಕೂರಲು ತಗ್ಗಿನ ಕಟ್ಟೆ ಇದೆ. ನೀವೇ ನೋಡಿದಿರಿ. ಮಿಶ್ರಿಕೋಟಿಯವ ಇನ್ನೂ ರುಮಾಲು ಸುತ್ತುತ್ತಾನೆ, ಅದಿಲ್ಲದೆ ತಂದೂರಿ ಬೇಯುವುದಿಲ್ಲವಂತೆ. ಮುಂಜಾನೆಯ ಆ ಫೋಟೋ ಕೆಲವು ದಿನ ಬಿಟ್ಟು ಗೋಡೆಗೆ ಬಂತು. "ತಗಸ್ಲೇನು ಯಕ್ಕಾ?" ಎಂದು ಮಿಶ್ರಿಕೋಟಿಯವನೇ ಕೇಳಿದ. ಬೇಡ ಎಂದೆ. ಅದು ಸುಳ್ಳಲ್ಲ. ಆ ಮುಂಜಾನೆ ನಾನು ಹಾಗೇ ಇದ್ದೆ, ಕೆಲಸ ಬೇಕಿತ್ತು, ಹಾಕಿಕೊಂಡೆ. ಆದರೆ ಮಧ್ಯಾಹ್ನ ನೆಲದ ಮೇಲೆ ಬರಿಗೈಯಲ್ಲಿ ಕೂತವಳ ಫೋಟೋ ಯಾರ ಹತ್ತಿರವೂ ಇಲ್ಲ. ಆಗ ಎಲ್ಲರಿಗೂ ಹಸಿವಾಗಿತ್ತು, ಯಾರೂ ಫೋನು ಎತ್ತಲಿಲ್ಲ.

ನಾನು ಹೋದ ಮೇಲೂ ಆ ಫೋಟೋ ಇರಬಹುದು. ಯಾರಾದರೂ ತೋರಿಸಿ ಕೇಳಿದರೆ ನೀವು ನನ್ನ ಹಾಗೆ ರೈಲಿನ ನೆಪ ಹೇಳಬೇಡಿ. ಅದಕ್ಕಾಗಿ ಈ ಹಾಳೆಗಳನ್ನು ಕೆಡದ ಹಾಗೆ ಇಟ್ಟುಕೊಳ್ಳಿ. ಟ್ರಂಕಿನಲ್ಲಿ ನುಸಿ ಹಿಡಿಯುತ್ತದೆ. ರೊಟ್ಟಿ ಸುತ್ತುವ ನನ್ನ ಬಿಳಿ ಅರಿವೆ ಇದೆಯಲ್ಲ, ಅದರಲ್ಲಿ ಸುತ್ತಿ ಮೇಲೆ ಗೋಡೆಯ ಮಾಡದಲ್ಲಿ ಇಡಿ. ಸುತ್ತುವ ಮೊದಲು ಅರಿವೆಯ ಮಡಿಕೆ ಬಿಚ್ಚಿ ಒಮ್ಮೆ ಝಾಡಿಸಿ ನೋಡಿ.